ಕೆಂಚನ ಸೂತಕ

ಮೊನ್ನೆ ಸಂಜೆ ಅಣ್ಣನ ಮೊಮ್ಮಗ ಗೂಡಿನ ಮಾರುಕಟ್ಟೆಯಿಂದ ತಂದ ಚೀಲವನ್ನು ಜಗಲಿಯ ಮೇಲೆ ಸುರಿದು, ಕೆಟ್ಟ ರೇಷ್ಮೆ ಗೂಡುಗಳನ್ನು ಆರಿಸಿ ಆರಿಸಿ ಬೀದಿಗೆ ಎಸೆಯುತ್ತಿದ್ದ. ಅದರಲ್ಲೊಂದು ಉರುಳಿಕೊಂಡು ಬಂದು ನನ್ನ ಕಾಲಿಗೆ ತಾಗಿ ನಿಂತಿತು. ಎತ್ತಿ ನೋಡಿದೆ. ತುದಿಯಲ್ಲಿ ತೂತು. ಒಳಗಿದ್ದ ಚಿಟ್ಟೆ ಕೊರೆದುಕೊಂಡು ಹೊರಟುಹೋಗಿತ್ತು. “ಬಿಸಾಕು ತಾತ, ಅದು ನೂಲಿಗೆ ಬರಾಕಿಲ್ಲ” ಅಂದ ಹುಡುಗ. ನನಗೇ ಹೇಳಿಕೊಡುತ್ತಾನೆ! ಎಳೆ ತುಂಡಾದ ಗೂಡು ಎಷ್ಟು ಹಳದಿಯಾಗಿ ಹೊಳೆದರೂ ಅಷ್ಟೇ ಎಂಬುದು ಅವನ ಅಪ್ಪ ಹುಟ್ಟುವ ಮೊದಲೇ ನನಗೆ ಗೊತ್ತಿತ್ತು. ಆದರೂ ಬಿಸಾಕಲಿಲ್ಲ. ಮೂಗಿನ ಹತ್ತಿರ ಹಿಡಿದೆ.

ಒದ್ದೆ ಗೋಣಿತಾಟಿನ ವಾಸನೆ, ಒಣಗಿದ ಹಿಪ್ಪುನೇರಳೆ ಸೊಪ್ಪಿನ ವಾಸನೆ, ಜೊತೆಗೆ ಒಂದಿಷ್ಟು ಹುಳಿ... ಅದರ ಹಿಂದೆಯೇ ಮಳೆಯಲ್ಲಿ ನೆಂದ ನಾಯಿಯ ಮೈವಾಸನೆಯೂ ಬರಬೇಕಿತ್ತು. ಬರಲಿಲ್ಲ. ಬಂದದ್ದು ದೊಡ್ಡಪ್ಪನ ನೆನಪು.

ದೊಡ್ಡಪ್ಪ ಅಂದರೆ ನನ್ನ ಅಪ್ಪನ ಒಡಹುಟ್ಟಿದವನಲ್ಲ. ಬೈರಾಪಟ್ಟಣದಲ್ಲಿ ನಮ್ಮ ಹಿತ್ತಲಿಗೆ ಹಿತ್ತಲು ಸೇರಿದಂತೆ ಅವನದೊಂದು ಪುಟ್ಟ ಮನೆ. ಪ್ಲೇಗು ಬಂದಾಗ ಹೆಂಡತಿ ಮಕ್ಕಳನ್ನೆಲ್ಲ ಕಳೆದುಕೊಂಡಿದ್ದ. ಊರಿಗೆಲ್ಲ ಅವನು ಬಿತ್ತನೆ ದೊಡ್ಡಪ್ಪ. ನಮ್ಮ ಕಡೆ ಹುಳ ಮೇಯಿಸುವವರಿಗೆ ಬಿತ್ತನೆ ಗೂಡು ಮಾಗಡಿ ಸೀಮೆಯಿಂದಲೇ ಬರಬೇಕು. ಗೂಡಿನೊಳಗಿನ ಹುಳ ಚಿಟ್ಟೆಯಾಗಿ ಹೊರಬರುವುದರೊಳಗೆ ಅದು ಮನೆ ಸೇರಬೇಕು. ಚಿಟ್ಟೆ ನಮ್ಮ ಮನೆಯ ಬಿದಿರು ತಟ್ಟೆಯಲ್ಲಿ ಮೊಟ್ಟೆಯಿಡಬೇಕು. ಆ ಮೊಟ್ಟೆಯೇ ಮುಂದಿನ ಬೆಳೆ. ತಿಪ್ಪಸಂದ್ರದ ಕಡೆಯಿಂದ ಆ ಗೂಡು ಹೊತ್ತು ತರುವುದು ದೊಡ್ಡಪ್ಪನ ಕಸುಬು. ಬಿಸಿಲು ತಗಲಬಾರದು, ಕುಲುಕಬಾರದು, ರೈಲಿನ ಹೊಗೆ ಸೋಕಬಾರದು ಎಂದು ಕಾಲ್ನಡಿಗೆಯಲ್ಲೇ ತರುತ್ತಿದ್ದ. ಭುಜದ ಮೇಲೆ ಕಾವಡಿ, ಕಾವಡಿಯ ಎರಡು ತುದಿಗೂ ಬಿದಿರಿನ ಬುಟ್ಟಿ, ಬುಟ್ಟಿಯ ಮೇಲೆ ಒದ್ದೆ ಗೋಣಿತಾಟು. ಮುಂದೆ ಕೆಂಚ.

ಕೆಂಚ ಅವನ ನಾಯಿ. ಇಟ್ಟಿಗೆ ಬಣ್ಣದ ಸಾಧಾರಣ ಊರುನಾಯಿ. ಒಂದು ಕಿವಿ ಅರ್ಧ ಹರಿದುಹೋಗಿತ್ತು. ಯಾವಾಗಲೂ ನಮಗಿಂತ ಒಂದು ತಿರುವು ಮುಂದೆ ಇರುತ್ತಿದ್ದ. ತಿರುವಿನಲ್ಲಿ ನಿಂತು, ನಾವು ಕಣ್ಣಿಗೆ ಬಿದ್ದ ಮೇಲೆ ಇನ್ನೊಂದು ತಿರುವಿಗೆ ಓಡುತ್ತಿದ್ದ. ಓತಿಕ್ಯಾತ ಕಂಡರೆ ಮಾತ್ರ ಅವನಿಗೆ ಬುದ್ಧಿ ನಿಲ್ಲುತ್ತಿರಲಿಲ್ಲ. ಬೇಲಿಯೋ ಬಂಡೆ ಸಂದಿಯೋ ನೋಡದೆ ಮೂತಿ ತೂರಿಸುತ್ತಿದ್ದ. ಒಂದನ್ನಾದರೂ ಹಿಡಿದದ್ದನ್ನು ನಾನು ನೋಡಲಿಲ್ಲ. “ಹಿಡಿಯಾಕಿಲ್ಲ, ಬುಡಾಕಿಲ್ಲ, ಇವ್ನ ಬಾಳೇ ಇಷ್ಟು” ಎಂದು ದೊಡ್ಡಪ್ಪ ಬೈಯುತ್ತಿದ್ದ. ಬೈದ ಬಾಯಲ್ಲೇ ಮುದ್ದೆ ಮುರಿದು ಮೊದಲ ತುತ್ತು ಅವನಿಗೆ ಹಾಕುತ್ತಿದ್ದ.

ನಾನು ಅವರಿಬ್ಬರ ಜೊತೆ ಸೇರಿದ್ದು ಹೇಗೆ ಎಂದು ಹೇಳಬೇಕಾದರೆ ನನ್ನ ಹೆಂಡತಿಯ ಸುದ್ದಿ ಹೇಳಬೇಕು. ಹೇಳಿಬಿಡುತ್ತೇನೆ.

ಮದುವೆಯಾಗಿ ಎರಡನೇ ವರ್ಷ, ಅವಳು ಬಾಣಂತನಕ್ಕೆಂದು ತವರುಮನೆ ಮರಳವಾಡಿಗೆ ಹೋಗಿದ್ದಳು. ದಸರೆ ಕಳೆದಿತ್ತು. ಮನೆಮನೆಯಲ್ಲೂ ಜನ ಜ್ವರದಿಂದ ಬೀಳುತ್ತಿದ್ದ ವರ್ಷ ಅದು. ಇನ್‌ಫ್ಲುಯೆಂಜಾ ಎಂಬ ಹೆಸರು ನಮಗೆ ಆಮೇಲೆ ತಿಳಿಯಿತು. ನಮ್ಮ ಮನೆಯಲ್ಲಿ ಹುಳ ನಾಲ್ಕನೇ ಸಲ ಪೊರೆ ಬಿಡಲು ತಲೆಯೆತ್ತಿ ನಿಂತಿತ್ತು. ಹೀಗೆ ಪೊರೆ ಬಿಡುವುದಕ್ಕೆ ನಮ್ಮ ಕಡೆ ಹುಳದ ಜ್ವರ ಎನ್ನುತ್ತಾರೆ. ಅಷ್ಟು ದಾಟಿದರೆ ಬೆಳೆ ಕೈಗೆ ಬಂದ ಹಾಗೆ. ಆ ಹೊತ್ತಿನಲ್ಲಿ ಮನೆಗೆ ಸೂತಕ ತಾಗಿದರೆ ಹುಳವೆಲ್ಲ ಕರಗಿ ನೀರಾಗುತ್ತದೆ ಎಂಬುದು ನಮ್ಮೂರಿನ ನಂಬಿಕೆ. ನಂಬಿಕೆ ಏನು ಬಂತು, ಕಾನೂನೇ. ಅದಕ್ಕೊಂದು ಉಪಾಯವನ್ನೂ ಹಿರಿಯರು ಮಾಡಿಟ್ಟಿದ್ದರು. ಸಾವಿನ ಸುದ್ದಿ ತಂದವನು ಹುಳ ಇರುವ ಮನೆಯ ಬಾಗಿಲಿಗೆ ಬರುವಂತಿಲ್ಲ. ಊರ ಮುಂದಿನ ಹುಣಸೆಮರದ ಕೆಳಗೆ ನಿಂತು, ಬೇರೆ ಯಾರಿಗಾದರೂ ಹೇಳಿ ಹಾಗೇ ವಾಪಸು ಹೋಗಬೇಕು. ಕೇಳಿದರೆ ತಾನೆ ಸೂತಕ? ಕೇಳದಿದ್ದರೆ ಇಲ್ಲ! ಗೂಡು ಬಿಡಿಸಿದ ಮೇಲೆ ನಿಧಾನಕ್ಕೆ ತಿಳಿಸಿದರಾಯಿತು.

ಮರಳವಾಡಿಯಿಂದ ಆಳು ಬಂದಿದ್ದನಂತೆ. ಹುಣಸೆಮರದ ಕೆಳಗೆ ಯಾರಿಗೋ ಹೇಳಿ ಹೋದನಂತೆ. ಅಣ್ಣ ಗದ್ದೆಯ ಬದುವಿನಿಂದ ನೋಡಿದನಂತೆ, ಏನೆಂದು ಕೇಳಲಿಲ್ಲವಂತೆ. ಇದೆಲ್ಲ ನನಗೆ ತಿಳಿದದ್ದು ಗೂಡೆಲ್ಲ ಬಿಡಿಸಿ, ತಟ್ಟೆ ತೊಳೆದು ಬಿಸಿಲಿಗೆ ಇಟ್ಟ ದಿನ. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಸೆರಗನ್ನು ಬಾಯಿಗೆ ಒತ್ತಿಕೊಂಡು ಹೇಳಿದರು. ಅಷ್ಟು ಹೊತ್ತಿಗೆ ಮರಳವಾಡಿಯಲ್ಲಿ, ಜ್ವರದಿಂದ ಹೋದ ಅವಳನ್ನೂ ಹೊಟ್ಟೆಯೊಳಗಿನ ಮಗುವನ್ನೂ ಒಟ್ಟಿಗೇ ಮಣ್ಣು ಮಾಡಿ, ತಿಥಿಯನ್ನೂ ಮುಗಿಸಿದ್ದರು. ನಾನು ಆ ದಿನಗಳಲ್ಲಿ ಏನು ಮಾಡುತ್ತಿದ್ದೆ? ಸೊಪ್ಪು ಕೊಯ್ಯುತ್ತಿದ್ದೆ. ಹುಳ ಚೆನ್ನಾಗಿ ಹಣ್ಣಾಗಿದೆ, ಇನ್ನು ಗೂಡು ಕಟ್ಟುತ್ತದೆ ಎಂದು ಖುಷಿಪಡುತ್ತಿದ್ದೆ. ಹುಟ್ಟುವ ಮಗುವಿಗೆ ಚನ್ನಪಟ್ಟಣದಿಂದ ಅರಗಿನ ಬಣ್ಣದ ಗಿಲಕಿ ತಂದು ಗೋಡೆಯ ಗೂಡಿನಲ್ಲಿಟ್ಟಿದ್ದೆ. ತಡವಾಗಿ ಕೇಳಿದ ಸಾವಿಗೆ ಒಂದು ತಲೆಸ್ನಾನ ಸಾಕು ಎಂದರು. ಮಾಡಿದೆ. ಮುಗಿಯಿತು ಎಂದರು.

ನನಗೆ ಮಾತ್ರ ಏನೂ ಮುಗಿದಿರಲಿಲ್ಲ. ಅಳಲೂ ಆಗಲಿಲ್ಲ. ಅಳುವ ಹೊತ್ತು ಯಾವುದೋ, ಅದು ನನ್ನನ್ನು ಬಿಟ್ಟು ಹೋಗಿಬಿಟ್ಟಿತ್ತು. ಹುಳದ ಮನೆಗೆ ಕಾಲಿಡಲು ಮನಸ್ಸಾಗುತ್ತಿರಲಿಲ್ಲ. ಕೊಟ್ಟಿಗೆಯ ಗೋಡೆಗೆ ಒರಗಿ ಕೂತರೆ ಕೂತೇ ಇರುತ್ತಿದ್ದೆ. ಒಂದು ಬೆಳಿಗ್ಗೆ ಹಿತ್ತಲ ಬೇಲಿಯ ಆಚೆಯಿಂದ ದೊಡ್ಡಪ್ಪ ಕೂಗಿದ. “ಲೇ ಮಗ, ಕಾವಡಿಗೆ ಒಸಿ ಭುಜ ಕೊಡ್ತೀಯಾ? ನನ್ ಭುಜ ಕೂತೋಗೈತೆ ಕಣ್ಲಾ.” ಅವನ ಭುಜಕ್ಕೆ ಏನೂ ಆಗಿರಲಿಲ್ಲ. ಅಷ್ಟು ತಿಳಿಯದ ದಡ್ಡ ನಾನಲ್ಲ. ಆದರೂ ಎದ್ದು ಹೋದೆ. ಕೆಂಚ ನನ್ನ ಕಾಲು ಮೂಸಿ, ಆಯಿತು ಬಾ ಎನ್ನುವಂತೆ ಮುಂದೆ ಓಡಿದ.

ಅಲ್ಲಿಂದ ಮುಂದಕ್ಕೆ ಪ್ರತಿ ಬೆಳೆಗೂ ನಾವು ಮೂವರು. ಹೋಗುವಾಗ ಕ್ಲೋಸ್‌ಪೇಟೆಯ ಮೇಲೆ ಹೋಗುತ್ತಿದ್ದೆವು. ಈಗಿನ ರಾಮನಗರಕ್ಕೆ ಆಗ ಆ ಹೆಸರು. ಊರು ದಾಟಿದ ಕೂಡಲೇ ಎರಡೂ ಕಡೆ ಬಂಡೆ ಬೆಟ್ಟಗಳು ಏಳುತ್ತವಲ್ಲ, ಅಲ್ಲಿ ಕೆಂಚ ಪ್ರತಿ ಸಲವೂ ನಿಂತು ಬೊಗಳುತ್ತಿದ್ದ. ಬಂಡೆಯೂ ತಿರುಗಿ ಬೊಗಳುತ್ತಿತ್ತು. ಒಳಗೆ ಇನ್ನೊಂದು ನಾಯಿ ಇದೆಯೆಂದು ಅವನ ಲೆಕ್ಕ. ಒಂದು ಸಲ ತನಗೆ ಹಾಕಿದ ರೊಟ್ಟಿಯ ಚೂರನ್ನು ಕಚ್ಚಿಕೊಂಡು ಹೋಗಿ ಆ ಬಂಡೆಯ ಬುಡದಲ್ಲಿ ಇಟ್ಟು ಬಂದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಎಷ್ಟೋ ತಿಂಗಳ ಮೇಲೆ ಬಂದ ನಗು ಅದು. ನಕ್ಕದ್ದಕ್ಕೆ ನನಗೇ ಭಯವಾಗಿ ಬಾಯಿ ಮುಚ್ಚಿಕೊಂಡೆ. ದೊಡ್ಡಪ್ಪ ನನ್ನ ಕಡೆ ನೋಡದೆ, “ಅವ್ನೂ ಒಂಟಿ, ಇವ್ನೂ ಒಂಟಿ. ತಿಂದ್ಕೊಳ್ಲಿ ಬುಡು” ಎಂದ.

ಪುಷ್ಯದ ಚಳಿಯಲ್ಲಿ ಹೊಲದ ತುಂಬ ಅವರೆ. ಬೆಳಗಿನ ಮಂಜು ಬಿದ್ದ ಅವರೆಕಾಯಿಯ ಸೊಗಡು ಮೂಗಿಗೆ ಹತ್ತಿದರೆ ಹಸಿವಾಗದವನೂ ಹಸಿದುಬಿಡುತ್ತಾನೆ. ಕೊಯ್ಲಾದ ರಾಗಿಯ ಕೂಳೆಯಲ್ಲಿ ಕೆಂಚ ಇಲಿಗಳ ಬಿಲ ಕೆದಕುತ್ತ, ಮೂತಿಗೆಲ್ಲ ಮಣ್ಣು ಮಾಡಿಕೊಂಡು ಬರುತ್ತಿದ್ದ. ಶಿವರಾತ್ರಿಯ ಹೊತ್ತಿಗೆ ಮಾಗಡಿ ದಾರಿಯ ಗುಡ್ಡಗಳಲ್ಲಿ ಎಲೆಯೆಲ್ಲ ಉದುರಿ, ಮುತ್ತುಗ ಮಾತ್ರ ಕೆಂಪಗೆ ಹೂಬಿಟ್ಟು ನಿಂತಿರುತ್ತಿತ್ತು. ಆ ದಿನಗಳಲ್ಲಿ ಕಲ್ಲು ಬೇಗ ಕಾಯುತ್ತದೆ. ಕೆಂಚ ನೆರಳಿನಿಂದ ನೆರಳಿಗೆ ಹಾರಿ ಹಾರಿ ನಡೆಯುತ್ತಿದ್ದ, ಮಡಿಯವರು ಬೀದಿಯಲ್ಲಿ ಹೋದ ಹಾಗೆ. ಯುಗಾದಿ ಕಳೆದರೆ ಹೊಂಗೆ ಮರಗಳು ಚಿಗುರಿ, ಅವುಗಳ ಕೆಳಗೆ ಹೂವು ಉದುರಿ ಹಾಸಿಗೆ ಆಗಿರುತ್ತಿತ್ತು. ಅಂಥ ಕಡೆ ಕಾವಡಿಯನ್ನು ಕೊಂಬೆಗೆ ತೂಗುಹಾಕಿ ಮಲಗುತ್ತಿದ್ದೆವು. ನೆಲಕ್ಕಿಟ್ಟರೆ ಇರುವೆ ಹತ್ತುತ್ತದೆ.

ಮಳೆ ಬಿದ್ದರೆ ಅರ್ಕಾವತಿ ಕೆಂಪಗಾಗುತ್ತಿತ್ತು. ಮೊಣಕಾಲುದ್ದದ ನೀರಿಗೆ ಕೆಂಚ ಮೊದಲು ಇಳಿಯುತ್ತಿರಲಿಲ್ಲ. ನಾವಿಬ್ಬರೂ ದಾಟಿ ಆಚೆ ದಡದಲ್ಲಿ ಬೆನ್ನು ಹಾಕಿ ನಡೆದರೆ ಮಾತ್ರ ಕುಂಯ್‌ಗುಟ್ಟುತ್ತ ಧುಮುಕುತ್ತಿದ್ದ. ಬಂದವನು ನಮ್ಮ ಪಕ್ಕದಲ್ಲೇ ನಿಂತು ಮೈ ಒದರಿ, ನಮ್ಮನ್ನೂ ಒದ್ದೆ ಮಾಡಿಯೇ ಮುಂದೆ ಹೋಗುತ್ತಿದ್ದ. ಆಷಾಢದ ಗಾಳಿಗೆ ಅವನ ಚೆನ್ನಾಗಿದ್ದ ಕಿವಿ ಒಳಮಗ್ಗುಲು ಹೊರಗಾಗಿ ಮಗುಚಿಕೊಳ್ಳುತ್ತಿತ್ತು. ದೊಡ್ಡಪ್ಪ ಕಾವಡಿ ನನ್ನ ಭುಜಕ್ಕೆ ಕೊಟ್ಟು, ಹೋಗಿ ಅದನ್ನು ಸರಿಮಾಡಿ ಬರುತ್ತಿದ್ದ. ಸೀತಾಫಲದ ಕಾಲದಲ್ಲಿ ಗುಡ್ಡದ ಸಂದಿಯಲ್ಲಿ ಹಣ್ಣಾಗಿ ಬಾಯಿಬಿಟ್ಟದ್ದನ್ನು ಕಿತ್ತು ತಿನ್ನುತ್ತಿದ್ದೆವು. ಕೆಂಚನೂ ತಿಂದು ಬೀಜ ಉಗುಳಲು ಬಾರದೆ ಒದ್ದಾಡುತ್ತಿದ್ದ. ಕಾರ್ತಿಕದಲ್ಲಿ ಹುಚ್ಚೆಳ್ಳು ಹೂವಿನ ಹೊಲಗಳ ನಡುವೆ ಅವನ ಬಾಲದ ತುದಿಯಷ್ಟೇ ಕಾಣುತ್ತಿತ್ತು.

ದಾರಿಯಲ್ಲಿ ಸಿಕ್ಕವರು ಎಲ್ಲಿಗೆ ಎಂದು ಕೇಳುತ್ತಿರಲಿಲ್ಲ. ಹೊರಟವರನ್ನು ಹಾಗೆ ಕೇಳಬಾರದು. “ದೂರ ಹೊಂಟ್ರಾ?” ಎನ್ನುತ್ತಿದ್ದರು. “ಹೂಂ, ಒಸಿ ದೂರ” ಎನ್ನುತ್ತಿದ್ದ ದೊಡ್ಡಪ್ಪ. ಅಷ್ಟೇ ಮಾತು. ನನ್ನ ಹೆಂಡತಿಯ ವಿಷಯ ಅವನು ಒಂದು ದಿನವೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಒಂದು ಸಲ ಕನಕಪುರದ ಕಡೆಯವರು ಬಿತ್ತನೆ ಬೇಕೆಂದು ಹೇಳಿಕಳಿಸಿದ್ದರು. ಆ ದಾರಿಯಲ್ಲಿ ಹೋದರೆ ಮರಳವಾಡಿಯ ಗುಡ್ಡ ಕಾಣುತ್ತದೆ. ನಾನು ಬರುವುದಿಲ್ಲ ಎಂದೆ. ಕವಲುದಾರಿಯಲ್ಲಿ ನಾನು ಊರ ಕಡೆ ತಿರುಗಿದೆ, ಅವನು ಆ ಕಡೆ. ಕೆಂಚ ಮಾತ್ರ ಕವಲಿನಲ್ಲೇ ನಿಂತು ಒಮ್ಮೆ ನನ್ನನ್ನು, ಒಮ್ಮೆ ಅವನನ್ನು ನೋಡುತ್ತ ಬಹಳ ಹೊತ್ತು ಊಳಿಟ್ಟ. ಆ ಧ್ವನಿ ಗದ್ದೆಯ ಬದುವಿನವರೆಗೂ ನನ್ನ ಬೆನ್ನಿಗೆ ಬಂತು.

ಮರುವರ್ಷದ ವೈಶಾಖ. ಬೇಸಗೆಯಲ್ಲಿ ಸೊಪ್ಪಿದ್ದದ್ದು ಬಾವಿಯಿದ್ದ ನಮ್ಮ ಮನೆಗೊಂದಕ್ಕೇ. ಹಾಗಾಗಿ ಆ ಸಲ ಬಿತ್ತನೆ ಬೇಕಾಗಿದ್ದುದೂ ನಮಗೊಬ್ಬರಿಗೇ. ಅಣ್ಣ ಆ ಬೆಳೆಯ ಮೇಲೆ ಆಸೆ ಇಟ್ಟುಕೊಂಡಿದ್ದ. “ಬಿಸ್ಲಿಗೆ ಚಿಟ್ಟೆ ಬೇಗ ಗೂಡು ಹೊಡ್ಕೊಂಡು ಬತ್ತದೆ, ದಾರೀಲಿ ಕುಂತ್ಕಬೇಡಿ” ಎಂದು ಮೂರು ಮೂರು ಸಲ ಹೇಳಿ ಕಳಿಸಿದ್ದ. ತಿಪ್ಪಸಂದ್ರದಲ್ಲಿ ಗೂಡು ತುಂಬಿಸಿಕೊಂಡು, ವಾಪಸು ಬರುವಾಗ ಹತ್ತಿರವಾಗಲೆಂದು ಕಣ್ವ ಹೊಳೆಯ ಪಕ್ಕದ ದಾರಿ ಹಿಡಿದೆವು. ಹೊಳೆಯಲ್ಲಿ ಅಲ್ಲಲ್ಲಿ ಮಡುವಿನಷ್ಟು ನೀರು. ಮಧ್ಯಾಹ್ನ ಹೊಂಗೆಯೊಂದಕ್ಕೆ ಕಾವಡಿ ತೂಗುಹಾಕಿ, ಗೋಣಿತಾಟು ನೆನೆಸಿ ಹೊದಿಸಿ, ಹೊತ್ತು ಇಳಿಯಲೆಂದು ಕೂತೆವು.

ಕೆಂಚನಿಗೆ ಓತಿಕ್ಯಾತ ಕಂಡಿತು. ಕಲ್ಲುಗುಡ್ಡೆಯ ಸಂದಿಗೆ ಎಂದಿನಂತೆ ಮೂತಿ ತೂರಿಸಿದ. ಒಂದು ಸಲ ಕುಂಯ್ ಎಂದ. ಅಷ್ಟೇ. ಸಂದಿಯಿಂದ ಕೊಳಕುಮಂಡಲ ಮೆಲ್ಲಗೆ ಸರಿದು ಹೋದದ್ದನ್ನು ನಾನು ಕಂಡೆ. ಕೆಂಚ ತಪ್ಪು ಮಾಡಿದವನ ಹಾಗೆ ಬಾಲ ಆಡಿಸುತ್ತ ಬಂದು ದೊಡ್ಡಪ್ಪನ ತೊಡೆಯ ಮೇಲೆ ತಲೆ ಇಟ್ಟ. ದೊಡ್ಡಪ್ಪ ಯಾವುದೋ ಸೊಪ್ಪು ಅರೆದು ಬಾಯಿಗೆ ಹಿಂಡಿದ. ನಾನು ಹೊಳೆಯಿಂದ ಬೊಗಸೆಯಲ್ಲಿ ನೀರು ತಂದು ತಂದು ಹಾಕಿದೆ. ಮುಖ ಊದಿಕೊಂಡು ಹರಿದ ಕಿವಿ ಯಾವುದು, ಚೆನ್ನಾಗಿದ್ದ ಕಿವಿ ಯಾವುದು ಎಂದು ತಿಳಿಯದಂತಾಯಿತು. ನೆರಳು ಮರದ ಆಚೆಗೆ ತಿರುಗುವಷ್ಟರಲ್ಲಿ ಉಸಿರು ನಿಂತಿತು.

ಹೊಳೆದಂಡೆಯ ಮೆತ್ತನೆ ಜಾಗದಲ್ಲಿ ಕೋಲಿನಿಂದ ಕೆದಕಿ, ಕೈಯಲ್ಲೇ ಮಣ್ಣು ತೋಡಿ ಅವನನ್ನು ಮಲಗಿಸಿದೆವು. ದೊಡ್ಡಪ್ಪ ಒಂದು ಹಿಡಿ ಮಣ್ಣು ಹಾಕಿ ನನ್ನ ಮುಖ ನೋಡಿದ. ನಾನೂ ಒಂದು ಹಿಡಿ ಹಾಕಿದೆ. ಕೈ ತಾನಾಗಿ ಬಗ್ಗಿ ಇನ್ನೊಂದು ಹಿಡಿ ತೆಗೆದುಕೊಂಡಿತು. ಅದನ್ನೂ ಹಾಕಿದೆ. ಯಾರ ಮೇಲೆ ಹಾಕಬೇಕಾಗಿದ್ದ ಮಣ್ಣು ಅದು ಎಂದು ದೊಡ್ಡಪ್ಪ ಕೇಳಲಿಲ್ಲ. ಮೇಲೊಂದು ಚಪ್ಪಡಿ ಕಲ್ಲು ಎಳೆದು ಇಟ್ಟೆವು.

ಹೊತ್ತು ಇಳಿದು ತಂಪಾಯಿತು. “ದೊಡ್ಡಪ್ಪ, ಏಳು. ನಾಳೆ ಬೆಳಿಗ್ಗೆ ಮನೆ ಸೇರ್ದಿದ್ರೆ ಚಿಟ್ಟೆ ಹೊಡೀತದೆ” ಎಂದೆ. ಅವನು ಕಾವಡಿಯ ಕಡೆ ನೋಡಿದ, ಮುಟ್ಟಲಿಲ್ಲ.

“ನಾನು ಮುಟ್ಟಂಗಿಲ್ಲ ಕಣಪ್ಪ. ನಂಗೆ ಸೂತಕ.”

“ನಾಯಿಗೆ ಎಲ್ಲಾದ್ರೂ ಸೂತಕ ಐತಾ ದೊಡ್ಡಪ್ಪ?”

“ಇನ್ಯಾರವ್ರೆ ನಂಗೆ?” ಎಂದ. ಆಮೇಲೆ ಚಪ್ಪಡಿ ಕಲ್ಲಿನ ಮೇಲೆ ಕೈಯಿಟ್ಟುಕೊಂಡೇ ಹೇಳಿದ. “ಅವತ್ತು ಹುಣ್ಸೆಮರದ ಕೆಳ್ಗೆ ಮರಳವಾಡಿ ಆಳು ಹೇಳಿದ್ದು ನಂಗೇ ಕಣ್ಲಾ. ಕೇಳಿಯೂ ಕೇಳ್ದಂಗೆ ಇದ್ಬುಟ್ಟೆ. ದಿನಾ ಬೇಲಿ ಆಚೆಯಿಂದ ನಿನ್ ಮಕ ನೋಡ್ತಿದ್ದೆ, ಬಾಯಿ ಬುಡ್ಲಿಲ್ಲ. ಊರ ಕಟ್ಟು ಅಂತ ಅನ್ಕಂಡೆ. ಇವತ್ತು ನನ್ ತೊಡೆ ಮ್ಯಾಲೇ ಪ್ರಾಣ ಬುಟ್ಟ. ಕಂಡ್ಬುಟ್ಟಿವ್ನಿ. ಕಾಣ್ದಂಗೆ ಹೆಂಗಿರ್ಲಪ್ಪ?” ಮತ್ತೆ ಮೆಲ್ಲಗೆ, “ನೀನು ಹೊತ್ಕೊಂಡು ಹೋಗು. ನಿಂಗೇನಿಲ್ಲ.”

ನಿಂಗೇನಿಲ್ಲ! ನನಗೆ ಬಂದ ಕೋಪಕ್ಕೆ ಅವನ ಮೇಲೆ ಕಲ್ಲೆತ್ತಿ ಹಾಕಿಬಿಡುತ್ತಿದ್ದೆನೋ ಏನೋ. ಒಂದೂವರೆ ವರ್ಷ ಜೊತೆಯಲ್ಲಿ ನಡೆದು, ಒಂದೇ ಎಲೆಯಲ್ಲಿ ಉಂಡು, ಇವನು ಇದನ್ನು ಎದೆಯಲ್ಲಿಟ್ಟುಕೊಂಡಿದ್ದನೆ! ಕಾವಡಿ ಹೊತ್ತು ಹೊರಟೆ. ಬಿರಬಿರನೆ ನಡೆದೆ. ಹೊಳೆ ಬಳಸುವ ತಿರುವು ಬಂತು. ಅಲ್ಲಿ ಕೆಂಚ ನಿಂತಿರುತ್ತಾನೆ ಎಂದು ಕಣ್ಣು ತಾನಾಗಿ ಹುಡುಕಿತು. ನನಗಾಗಿ ಯಾರೂ ನಿಂತಿರಲಿಲ್ಲ. ಖಾಲಿ ದಾರಿ, ಒಣಗಿದ ತಂಗಡಿ ಗಿಡ... ಅಲ್ಲೇ ನಿಂತುಬಿಟ್ಟೆ. ಹಿಂದೆ ಒಬ್ಬ ಕಲ್ಲಿನ ಪಕ್ಕ ಕೂತಿದ್ದಾನೆ. ಮುಂದೆ ಹೋದರೆ ಮನೆ, ಸೊಪ್ಪು, ತಟ್ಟೆ, ಅಣ್ಣ. ಯಾವ ಮನೆಗಾಗಿ ನಾನು ಅವಳ ಮುಖ ನೋಡಲಿಲ್ಲವೋ ಅದೇ ಮನೆಗೆ ಮತ್ತೆ ಹೊತ್ತುಕೊಂಡು ಓಡುತ್ತಿದ್ದೇನೆ.

ವಾಪಸು ಬಂದೆ. ಕಾವಡಿಯನ್ನು ಅದೇ ಕೊಂಬೆಗೆ ತೂಗುಹಾಕಿದೆ. ಉಟ್ಟ ಬಟ್ಟೆಯಲ್ಲೇ ಮಡುವಿಗೆ ಇಳಿದು ತಲೆ ಮುಳುಗ ಮಿಂದು ಬಂದು ದೊಡ್ಡಪ್ಪನ ಎದುರಿಗೆ ಕೂತೆ.

“ನಂಗೂ ಸೂತಕ ದೊಡ್ಡಪ್ಪ.”

ಅವನು ಕೈ ಚಾಚಿ ನನ್ನ ಒದ್ದೆ ತಲೆಯ ಮೇಲೆ ಇಟ್ಟ. ಆಗ ಬಂತು ನನಗೆ ಅಳು. ನಿಲ್ಲಿಸಲು ಹೋಗಲಿಲ್ಲ.

ಮೂರು ದಿನ ಅಲ್ಲೇ ಇದ್ದೆವು. ಗಂಟಿನಲ್ಲಿದ್ದ ಹುರಿಹಿಟ್ಟು ಕಲಸಿಕೊಂಡು ತಿಂದೆವು. ಕುರಿ ಮೇಯಿಸುವವನೊಬ್ಬ ದಿನಕ್ಕೊಂದು ಸಲ ಮಜ್ಜಿಗೆ ಕೊಟ್ಟು ಹೋಗುತ್ತಿದ್ದ. ನಾನು ಅವಳ ವಿಷಯ ಹೇಳಿದೆ. ನಗುವಾಗ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು ಎಂದು ಹೇಳಿದೆ. ಹುಳ ಸೊಪ್ಪು ತಿನ್ನುವ ಸದ್ದು ಕೇಳಿ ಮಳೆ ಬಂತೆಂದು ಬಟ್ಟೆ ತೆಗೆಯಲು ಅಂಗಳಕ್ಕೆ ಓಡಿದ್ದಳು ಎಂದು ಹೇಳಿದೆ. ದೊಡ್ಡಪ್ಪನೂ ಹೇಳಿದ, ಪ್ಲೇಗಿನಲ್ಲಿ ಹೋದ ತನ್ನವರ ಒಬ್ಬೊಬ್ಬರದೇ ಕಥೆ... ಎರಡನೇ ಬೆಳಿಗ್ಗೆ ಬುಟ್ಟಿಯೊಳಗೆ ಸರಸರ ಸದ್ದು. ಗೋಣಿತಾಟು ಎತ್ತಿ ನೋಡಿದರೆ ಗೂಡುಗಳೆಲ್ಲ ತೂತು ಬಿದ್ದು ಬಿಳಿಚಿಟ್ಟೆಗಳು ಹೊರಬಂದಿದ್ದವು. ಪಾಪ, ಅವಕ್ಕೆ ಹಾರಲು ಬರುವುದಿಲ್ಲ. ರೆಕ್ಕೆ ಪಟಪಟ ಆಡಿಸಿಕೊಂಡು ಜೊತೆ ಹುಡುಕಿ, ಬುಟ್ಟಿಗೂ ಗೋಣಿತಾಟಿಗೂ ಮೊಟ್ಟೆ ಇಟ್ಟವು. ನಾವಿಬ್ಬರೂ ನೋಡುತ್ತ ಕೂತಿದ್ದೆವು. ಅಣ್ಣನ ಬೆಳೆ ಹೋಯಿತು ಎಂದು ಗೊತ್ತಿತ್ತು. ಆದರೂ ಇಬ್ಬರೂ ಏಳಲಿಲ್ಲ.

ಊರಿಗೆ ಬಂದಾಗ ಅಣ್ಣ ಹುಣಸೆಮರದ ಕೆಳಗೇ ನಿಂತಿದ್ದ. ಬುಟ್ಟಿ ನೋಡಿದ, ನಮ್ಮ ಮುಖ ನೋಡಿದ, ಕೆಂಚನಿಲ್ಲದ್ದನ್ನು ನೋಡಿದ. ದೊಡ್ಡಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅಣ್ಣನ ಮೈಮೇಲೆ ಬಂದಂತಾಯಿತು. “ನಾಯಿಗೆ ಸೂತಕ ಮಾಡ್ಕೊಂಡು ಕುಂತಿದ್ರಾ? ಬುದ್ಧಿ ನೆಟ್ಟಗೈತೇನ್ಲಾ ನಿಂಗೆ?”

“ನಾಯಿಗೆ ದೊಡ್ಡಪ್ಪ ಮಾಡ್ದ ಅಣ್ಣ. ನಾನು ನನ್ ಹೆಂಡ್ತಿಗೆ ಮಾಡ್ದೆ” ಎಂದೆ.

ಅಣ್ಣ ಹುಣಸೆಮರವನ್ನು ಒಂದು ಸಲ ನೋಡಿ, ತಲೆ ತಗ್ಗಿಸಿಕೊಂಡು ಮುಂದೆ ನಡೆದ. ಮನೆಯ ಹತ್ತಿರ ಬಂದಾಗ ಅತ್ತಿಗೆ ಆಗಲೇ ಜಗಲಿಯ ಕೆಳಗೆ ಹಂಡೆಯಲ್ಲಿ ಬಿಸಿನೀರು ತಂದಿಟ್ಟಿದ್ದರು. ಮಣ್ಣಿಗೆ ಹೋಗಿ ಬಂದವರಿಗೆ ಹೊರಗೇ ಸ್ನಾನಕ್ಕೆ ಇಡುತ್ತಾರಲ್ಲ, ಹಾಗೆ. ಯಾರು ಅವರಿಗೆ ಹೇಳಿದರೋ ತಿಳಿಯದು. ಚೊಂಬಿನಲ್ಲಿ ಮೊಗೆದು ನನ್ನ ತಲೆಗೆ ತಾವೇ ಹುಯ್ದರು. ಅಳುತ್ತಿದ್ದರು.

ಬುಟ್ಟಿಯನ್ನೂ ತಾಟನ್ನೂ ತಿಪ್ಪೆಗೆ ಹಾಕು ಎಂದ ಅಣ್ಣ. ಅತ್ತಿಗೆ ಹಾಕಲಿಲ್ಲ. ಕೊಟ್ಟಿಗೆಯ ಮೂಲೆಯಲ್ಲಿ ಇರುವೆ ಹತ್ತದಂತೆ ತೂಗುಹಾಕಿದರು. ಕೆಲವು ದಿನ ಕಳೆದ ಮೇಲೆ ಆ ಮೊಟ್ಟೆಗಳು ಒಡೆದು ಕರಿಯ ಎಳೆಹುಳ ಹೊರಬಂದವು. ಸೊಪ್ಪು ಹೆಚ್ಚಿ ಹಾಕಿದರು. ಮೇಯ್ದವು. ಮೊದಲಿನಷ್ಟು ಇರಲಿಲ್ಲ, ಕೊಟ್ಟಿಗೆಯಲ್ಲಿ ಒಂದಷ್ಟು ಸತ್ತವು. ಉಳಿದವು ಎಲ್ಲರ ಮನೆಯ ಹುಳದ ಹಾಗೇ ಜ್ವರ ದಾಟಿ, ಹಣ್ಣಾಗಿ, ಗೂಡು ಕಟ್ಟಿದವು. ಕೊಟ್ಟಿಗೆಯಲ್ಲಿ ನಿಂತು ಆ ಹಳದಿ ಗೂಡುಗಳನ್ನು ನೋಡಿದಾಗ ನನಗೆ ಸಂತೋಷವಾಗಲಿಲ್ಲ. ಸೂತಕದ ಬುಟ್ಟಿಯಲ್ಲೇ ಹುಟ್ಟಿದ ಹುಳಕ್ಕೆ ಸೂತಕ ಗೊತ್ತೇ ಇರಲಿಲ್ಲ. ಅವಳು ಹೋದ ದಿನ ನನಗೆ ತಿಳಿಸಿದ್ದರೂ ಹುಳ ಹೀಗೇ ಮೇಯುತ್ತಿತ್ತು, ಹೀಗೇ ಗೂಡು ಕಟ್ಟುತ್ತಿತ್ತು. ಅಯ್ಯೋ, ಇಷ್ಟಕ್ಕೇನೆ! ಗೋಡೆಗೆ ಹಣೆ ಚಚ್ಚಿಕೊಳ್ಳುವಂತಾಯಿತು.

ಆ ತಿಂಗಳಲ್ಲೇ ಒಬ್ಬನೇ ಮರಳವಾಡಿಗೆ ಹೋದೆ. ಅತ್ತೆ ಬಾಗಿಲಲ್ಲಿ ನಿಂತು, “ಈಗ ಬಂದ್ಯಾ?” ಎಂದು ಕೇಳಿದರು. ಬಂದೆ ಎಂದೆ. ಚನ್ನಪಟ್ಟಣದ ಗಿಲಕಿಯನ್ನು ಅವಳ ಮಣ್ಣಿನ ಮೇಲೆ ಇಟ್ಟು ಬಂದೆ.

ದೊಡ್ಡಪ್ಪನನ್ನು ಊರು ಹೊರಗೆ ಹಾಕಲಿಲ್ಲ, ಹತ್ತಿರಕ್ಕೂ ಸೇರಿಸಲಿಲ್ಲ. ನಾಯಿ ಸೂತಕದವನು ಎಂದು ಹಿಂದಿನಿಂದ ನಗುತ್ತಿದ್ದರು. ಬಿತ್ತನೆಗೆ ಬೇರೆಯವರನ್ನು ಕಳಿಸತೊಡಗಿದರು. ಆದರೂ ಅವನು ಕಾಲು ಸುಮ್ಮನಿರಲಾರದೆ ಬರಿ ಕೈಯಲ್ಲೇ ಆ ದಾರಿಗೆ ಹೋಗಿ ಬರುತ್ತಿದ್ದ. ಇನ್ನೊಂದು ಮರಿ ತಂದುಕೊಡುತ್ತೇನೆ ಎಂದರೆ ಬೇಡ ಎನ್ನುತ್ತಿದ್ದ. ಹೊಲದ ಕೆಲಸ ಇಲ್ಲದಾಗ ನಾನೂ ಜೊತೆಗೆ ಹೋಗುತ್ತಿದ್ದೆ. ತಿರುವು ಬಂದಾಗಲೆಲ್ಲ ಇಬ್ಬರೂ ಒಟ್ಟಿಗೇ ತಲೆಯೆತ್ತಿ ನೋಡುತ್ತಿದ್ದೆವು. ಆಮೇಲೆ ಮತ್ತೆ ನಡೆಯುತ್ತಿದ್ದೆವು... ಒಂದು ಆಷಾಢದಲ್ಲಿ, “ಬತ್ತೀನಿ ಕಣ್ಲಾ” ಎಂದು ಬೇಲಿಯ ಆಚೆಯಿಂದ ಹೇಳಿ ಹೋದವನು ತಿಂಗಳಾದರೂ ಬರಲಿಲ್ಲ.

ಹುಡುಕಿಕೊಂಡು ಹೋದೆ. ಕ್ಲೋಸ್‌ಪೇಟೆಯ ಬಂಡೆ ದಾಟಿ, ಅರ್ಕಾವತಿಯ ಕಡೆ ಕೇಳಿ, ಮಾಗಡಿಯ ಸಂತೆಯಲ್ಲಿ ಕೇಳಿ ಹೋದೆ. ಅವನ ಹೆಸರು ಹೇಳಿದರೆ ಯಾರಿಗೂ ಗೊತ್ತಾಗಲಿಲ್ಲ. ಹರಿದ ಕಿವಿಯ ಕೆಂಪು ನಾಯಿ ಎಂದರೆ ಮಾತ್ರ, “ಓ, ಕೆಂಚನ ತಾತ!” ಎನ್ನುತ್ತಿದ್ದರು. ತಿಪ್ಪಸಂದ್ರದಲ್ಲಿ ಒಬ್ಬರು ಹೇಳಿದರು. ಚಾವಡಿಯಲ್ಲಿ ಮಲಗಿದ್ದವನು ಬೆಳಿಗ್ಗೆ ಏಳಲಿಲ್ಲವಂತೆ. ಮುಖ ಕಂಡವರಿದ್ದರೂ, ಹೇಳಿಕಳಿಸಲು ಅವನವರು ಯಾರು, ಯಾವ ಊರು ಎಂದು ಗೊತ್ತಾಗದೆ ಊರವರೇ ಸೇರಿ ಮಣ್ಣು ಮಾಡಿದರಂತೆ. ಜಾಗ ತೋರಿಸಿದರು. ಮಳೆ ಬಿದ್ದು ಮಣ್ಣು ಕೂತು, ಮೇಲೆ ಹುಲ್ಲು ಬಂದಿತ್ತು. ಒಂದು ಹಿಡಿ ಮಣ್ಣು ಹಾಕಿದೆ. ಇನ್ನೊಂದು ಹಿಡಿಯನ್ನು ಪಂಚೆಯ ತುದಿಗೆ ಕಟ್ಟಿಕೊಂಡು, ವಾಪಸು ಬರುವಾಗ ಕಣ್ವದ ದಂಡೆಯ ಚಪ್ಪಡಿ ಕಲ್ಲಿನ ಮೇಲೆ ಬಿಚ್ಚಿದೆ.

ಈಗ ಆ ಕಲ್ಲೂ ಇಲ್ಲ. ಕಣ್ವಕ್ಕೆ ಅಣೆಕಟ್ಟು ಕಟ್ಟಿದ ಮೇಲೆ ಹೊಂಗೆಯೂ ಕಲ್ಲೂ ನೀರಿನ ಕೆಳಗೆ ಹೋದವು. ಮದುವೆ ನಾನು ಮತ್ತೆ ಮಾಡಿಕೊಳ್ಳಲಿಲ್ಲ. ಅಣ್ಣನ ಮಕ್ಕಳು ಮೊಮ್ಮಕ್ಕಳು ನನ್ನನ್ನು ಚೆನ್ನಾಗಿಯೇ ನೋಡಿಕೊಂಡಿದ್ದಾರೆ. ಮನೆ ತುಂಬ ಜನ ಇದ್ದಾರೆ. ಆದರೂ ಈಗ ನಾವು ಬಂದು ನೆಲೆಸಿರುವ ರಾಮನಗರದ ಬೀದಿಯಲ್ಲಿ ಸಂಜೆ ನಡೆಯಲು ಹೋದಾಗ ಪ್ರತಿ ತಿರುವಿನಲ್ಲೂ ಕಣ್ಣು ತಾನಾಗಿ ಮುಂದೆ ಹೋಗುತ್ತದೆ.

ಜೇಬಿನಲ್ಲಿ ಆ ತೂತು ಬಿದ್ದ ಗೂಡು ಇನ್ನೂ ಇದೆ. ಅಣ್ಣ ಬದುಕಿದ್ದಾಗಲೇ ನಮ್ಮ ಮನೆಯಲ್ಲಿ ಒಂದು ಕಟ್ಟುಪಾಡು ಮಾಡಿದ. ಅದನ್ನು ಮಾಡಿದ್ದು ಅವನೇ, ನಾನಲ್ಲ. ಸಾವಿನ ಸುದ್ದಿ ತಂದವರನ್ನು, ಹುಳ ಯಾವ ಜ್ವರದಲ್ಲೇ ಇರಲಿ, ಬಾಗಿಲಿಗೇ ಕರೆಯಬೇಕು, ಕೂರಿಸಿ ನೀರು ಕೊಟ್ಟು ಕೇಳಬೇಕು. ಅಂದಿನಿಂದ ಎಷ್ಟೋ ಜನ ಬಂದರು, ಹೇಳಿದರು, ಅತ್ತೆವು, ಹೋಗಿ ಮಣ್ಣು ಹಾಕಿ ಬಂದೆವು. ದೊಡ್ಡಪ್ಪನ ಸುದ್ದಿ ಹೇಳಲು ಮಾತ್ರ ಯಾರೂ ಬರಲಿಲ್ಲ. ಅವನು ಹೋದ ದಿನ ಯಾವುದೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆ ದಿನವೂ ನಾನು ಸೊಪ್ಪು ಕೊಯ್ಯುತ್ತಿದ್ದೆನೋ ಏನೋ.